ಬದಲಿ ಆಟಗಾರನಿಲ್ಲದ ಕಾಲದ ಮೇಷ್ಟ್ರು: ಸೈಯದ್ ಅಬ್ದುಲ್ ರಹೀಂ

ಪುತ್ತೂರು: ಶಾಲಾ ಮೈದಾನದಲ್ಲಿ ಫುಟ್‌ಬಾಲ್ ಪಂದ್ಯ ನಡೆಯುತ್ತಿರುತ್ತದೆ. ಓಡುತ್ತಿದ್ದ ಹುಡುಗನೊಬ್ಬ ಕಾಲು ಉಳುಕಿ ಕುಳಿತುಬಿಡುತ್ತಾನೆ. ಗೆರೆಯಾಚೆ ನಿಂತ ದೈಹಿಕ ಶಿಕ್ಷಕರು ಕೈಸನ್ನೆ ಮಾಡುತ್ತಾರೆ, ಕಾದು ಕುಳಿತ ಮತ್ತೊಬ್ಬ ಹುಡುಗ ಒಳಗೆ ಧಾವಿಸುತ್ತಾನೆ, ಆಟ ಮುಂದುವರಿಯುತ್ತದೆ. ಪುತ್ತೂರು, ಸುಳ್ಯ, ಕಡಬದ ಮೈದಾನಗಳಲ್ಲಾಗಲಿ, ಬೆಂಗಳೂರಿನ ದೊಡ್ಡ ಕ್ರೀಡಾಂಗಣದಲ್ಲಾಗಲಿ ಇಂದು ಈ ದೃಶ್ಯ ಯಾರ ಗಮನವನ್ನೂ ಸೆಳೆಯದು. ಗಾಯಗೊಂಡವನ ಬದಲಿಗೆ ಇನ್ನೊಬ್ಬ ಆಡುವುದು ಸಹಜ ನ್ಯಾಯವೆಂದೇ ನಾವೆಲ್ಲ ತಿಳಿದಿದ್ದೇವೆ.

ಆದರೆ ಫುಟ್‌ಬಾಲ್ ಈ ನ್ಯಾಯವನ್ನು ಒಪ್ಪಿಕೊಂಡದ್ದು ಬಹಳ ತಡವಾಗಿ. ಭಾರತ ತಂಡ ಏಷ್ಯಾದ ಅಗ್ರಪಟ್ಟಕ್ಕೇರಿದ ದಿನಗಳಲ್ಲಿ ವಿಶ್ವಕಪ್, ಒಲಿಂಪಿಕ್ಸ್‌ನಂತಹ ಪಂದ್ಯಾವಳಿಗಳಲ್ಲಿ ಬದಲಿ ಆಟಗಾರನೆಂಬ ಸೌಲಭ್ಯವೇ ಇರಲಿಲ್ಲ. ಪಂದ್ಯ ಆರಂಭಿಸಿದ ಹನ್ನೊಂದು ಮಂದಿಯೇ ಅದನ್ನು ಮುಗಿಸಬೇಕಿತ್ತು. ಒಬ್ಬನ ಮೂಳೆ ಮುರಿದರೆ ಆತ ನೋವು ನುಂಗಿ ಆಡಬೇಕು, ಇಲ್ಲವೇ ತಂಡ ಹತ್ತು ಮಂದಿಗೆ ಇಳಿಯಬೇಕು. ಪಂದ್ಯ ಸಮಬಲದಲ್ಲಿ ಮುಗಿದು ಮೂವತ್ತು ನಿಮಿಷಗಳ ಹೆಚ್ಚುವರಿ ಅವಧಿಗೆ ಸಾಗಿದರೆ ಗಾಯಾಳುವಿನ ಸಂಕಟಕ್ಕೆ ಮಿತಿಯೇ ಇರುತ್ತಿರಲಿಲ್ಲ.

ಅಂತಹ ಕಾಲದಲ್ಲಿ ಭಾರತಕ್ಕೆ ಎರಡು ಏಷ್ಯನ್ ಕ್ರೀಡಾಕೂಟ ಚಿನ್ನಗಳನ್ನೂ ಒಲಿಂಪಿಕ್ಸ್‌ನ ನಾಲ್ಕನೇ ಸ್ಥಾನವನ್ನೂ ಗಳಿಸಿಕೊಟ್ಟ ತರಬೇತುದಾರ ಸೈಯದ್ ಅಬ್ದುಲ್ ರಹೀಂ. ಹೈದರಾಬಾದಿನ ಈ ಶಾಲಾ ಮೇಷ್ಟ್ರ ಬದುಕಿನ ಕೊನೆಯ ದೊಡ್ಡ ಪಂದ್ಯ ಗಾಯಾಳುಗಳನ್ನೇ ಕಟ್ಟಿಕೊಂಡು ಗೆದ್ದದ್ದು. ಅವರ ಹೆಸರು ಬಹುಕಾಲ ಮರೆವಿಗೆ ಸಂದು, 2024ರಲ್ಲಿ ತೆರೆಕಂಡ ಹಿಂದಿ ಚಿತ್ರ ಮೈದಾನ್‌ನಿಂದಾಗಿ ಮತ್ತೆ ಜನರ ಬಾಯಿಗೆ ಬಂತು. ಚಿತ್ರದಾಚೆಗಿನ ರಹೀಂ ಅವರ ಬದುಕಿನತ್ತ ಇಲ್ಲೊಂದು ನೋಟ.

ಕರಿಹಲಗೆಯಿಂದ ಮೈದಾನಕ್ಕೆ

ರಹೀಂ ಜನಿಸಿದ್ದು 1909ರ ಆಗಸ್ಟ್ 17ರಂದು, ನಿಜಾಮರ ಆಳ್ವಿಕೆಯ ಹೈದರಾಬಾದಿನಲ್ಲಿ. ಇಂದಿನ ಕಲಬುರಗಿ, ಬೀದರ್, ರಾಯಚೂರು ಪ್ರದೇಶಗಳೂ ಆಗ ಅದೇ ಸಂಸ್ಥಾನದ ಭಾಗವಾಗಿದ್ದವು. ಕನ್ನಡ, ತೆಲುಗು, ಮರಾಠಿ, ಉರ್ದು ಮಾತನಾಡುವ ಜನ ಒಂದೇ ಆಡಳಿತದಡಿ ಬಾಳುತ್ತಿದ್ದ ನಾಡು ಅದು. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿದ ರಹೀಂ ಅಲ್ಲಿನ ತಂಡದಲ್ಲಿ ಆಡಿ ಹೆಸರಾದರು. ಬಳಿಕ ಸ್ಥಳೀಯ ಕಮರ್ ಕ್ಲಬ್ ಪರ ಕಣಕ್ಕಿಳಿದರು.

ಹೊಟ್ಟೆಪಾಡಿಗೆ ಅವರು ಆರಿಸಿಕೊಂಡದ್ದು ಅಧ್ಯಾಪಕ ವೃತ್ತಿ. ಕಾಚಿಗುಡ, ಚಾದರ್‌ಘಾಟ್ ಮೊದಲಾದ ಕಡೆಯ ಶಾಲೆಗಳಲ್ಲಿ ಪಾಠ ಹೇಳಿದರು. ದೈಹಿಕ ಶಿಕ್ಷಣದಲ್ಲಿ ಡಿಪ್ಲೊಮಾ ಪಡೆದ ಮೇಲೆ ಶಾಲೆಯ ಕ್ರೀಡಾ ಚಟುವಟಿಕೆಗಳ ಹೊಣೆಯೂ ಅವರ ಹೆಗಲೇರಿತು. ತರಗತಿಯ ಶಿಸ್ತು ಹಾಗೂ ಮೈದಾನದ ಹುರುಪು ಎರಡನ್ನೂ ಬಲ್ಲವರಾಗಿದ್ದ ಅವರನ್ನು ಆಟಗಾರರು ಮುಂದೆ ರಹೀಂ ಸಾಬ್ ಎಂದೇ ಗೌರವದಿಂದ ಕರೆಯುವಂತಾಯಿತು.

1940ರ ದಶಕದಲ್ಲಿ ರಹೀಂ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು. ಕೊನೆಯುಸಿರಿನವರೆಗೂ ಆ ಸ್ಥಾನದಲ್ಲಿದ್ದರು. ಕಾರ್ಯದರ್ಶಿಯಾಗಿ ಅವರು ನಡೆಸಿದ ಪಂದ್ಯಾವಳಿಗಳು ಆ ಕಾಲಕ್ಕೆ ವಿಚಿತ್ರವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಒಂದು ಪಂದ್ಯಾವಳಿಯಲ್ಲಿ ಆಟಗಾರರು ತಮಗೆ ಪಳಗದ ಕಾಲಿನಿಂದಷ್ಟೇ ಚೆಂಡು ಒದೆಯಬೇಕು. ಬಲಗಾಲಿನವನು ಎಡಗಾಲನ್ನೇ ನಂಬಬೇಕು. ಇನ್ನೊಂದರಲ್ಲಿ ಚೆಂಡನ್ನು ಕಾಲಿಗಂಟಿಸಿಕೊಂಡು ಎದುರಾಳಿಗಳನ್ನು ವಂಚಿಸುತ್ತ ಓಡುವಂತಿಲ್ಲ, ಬಂದ ಚೆಂಡನ್ನು ತಕ್ಷಣ ಜೊತೆಗಾರನಿಗೆ ದಾಟಿಸಬೇಕು.

ಇದರ ಹಿಂದೆ ಸ್ಪಷ್ಟ ಲೆಕ್ಕಾಚಾರವಿತ್ತು. ಎರಡೂ ಕಾಲು ಪಳಗಿದ ಆಟಗಾರ ಮೈದಾನದ ಎರಡೂ ಬದಿಯಲ್ಲಿ ಆಡಬಲ್ಲ. ಚೆಂಡನ್ನು ಬೇಗ ದಾಟಿಸಬಲ್ಲವನು ದಣಿಯುವುದೂ ಕಡಿಮೆ, ಎದುರಾಳಿಯ ಒದೆತಕ್ಕೆ ಸಿಕ್ಕಿ ಗಾಯಗೊಳ್ಳುವುದೂ ಕಡಿಮೆ. ಹೊರಗಿನಿಂದ ನೆರವು ಪಡೆಯಲು ನಿಯಮ ಬಿಡದಿದ್ದಾಗ, ಆ ನೆರವು ಹನ್ನೊಂದು ಮಂದಿಯ ಒಳಗಿನಿಂದಲೇ ಹುಟ್ಟಬೇಕಿತ್ತು. ರಹೀಂ ಅವರ ತರಬೇತಿ ಆ ಕೊರತೆಯನ್ನು ತುಂಬುವಂತಿತ್ತು.

ಪೊಲೀಸ್ ತಂಡದ ಸುವರ್ಣಯುಗ

1950ರಲ್ಲಿ ರಹೀಂ ಹೈದರಾಬಾದ್ ನಗರ ಪೊಲೀಸ್ ತಂಡದ ತರಬೇತಿಯ ಹೊಣೆ ಹೊತ್ತರು. ಅಲ್ಲಿಂದ ಮುಂದಿನದು ಭಾರತೀಯ ಫುಟ್‌ಬಾಲಿನ ಒಂದು ಉಜ್ವಲ ಅಧ್ಯಾಯ. ಮುಂಬಯಿಯ ಪ್ರತಿಷ್ಠಿತ ರೋವರ್ಸ್ ಕಪ್ ಅನ್ನು ಈ ತಂಡ 1950ರಿಂದ 1954ರವರೆಗೆ ಸತತ ಐದು ವರ್ಷ ಗೆದ್ದುಕೊಂಡಿತು. ಡ್ಯುರಾಂಡ್ ಕಪ್ ಕೂಡ ಇವರ ಕಾಲದಲ್ಲಿ ಹಲವು ಬಾರಿ ಹೈದರಾಬಾದಿಗೆ ಬಂತು. ದೇಶದ ಫುಟ್‌ಬಾಲ್ ಎಂದರೆ ಕಲ್ಕತ್ತೆಯ ಕ್ಲಬ್‌ಗಳೇ ಎಂಬ ನಂಬಿಕೆಯನ್ನು ದಕ್ಷಿಣದ ಈ ಪೊಲೀಸರು ಅಲುಗಾಡಿಸಿದರು.

ದಕ್ಷಿಣ ಭಾರತದ ಇನ್ನೊಂದು ಶಕ್ತಿ ಬೆಂಗಳೂರು. ಬೆಂಗಳೂರು ಮುಸ್ಲಿಮ್ಸ್ ತಂಡ 1937 ಮತ್ತು 1938ರಲ್ಲೇ ರೋವರ್ಸ್ ಕಪ್ ಎತ್ತಿ ಹಿಡಿದಿತ್ತು. ಮೈಸೂರು ರಾಜ್ಯ ತಂಡ 1946-47ರಲ್ಲಿ, ಮತ್ತೆ 1952-53ರಲ್ಲಿ ಸಂತೋಷ್ ಟ್ರೋಫಿ ಗೆದ್ದಿತ್ತು. ಹೀಗಾಗಿ ರಹೀಂ ಭಾರತ ತಂಡವನ್ನು ಕಟ್ಟುವಾಗ ಹೈದರಾಬಾದಿನವರ ಜೊತೆ ಬೆಂಗಳೂರಿನ ಆಟಗಾರರೂ ಅವರ ಕೈಕೆಳಗೆ ಬಂದರು. ಚೆಂಡಿನ ಮೇಲಿನ ಹಿಡಿತಕ್ಕೆ ಹೆಸರಾದ ಅಹ್ಮದ್ ಖಾನ್, ಮಧ್ಯಪಡೆಯ ಕೆಂಪಯ್ಯ ಅವರಲ್ಲಿ ಪ್ರಮುಖರು.

1951ರ ಮಾರ್ಚ್‌ನಲ್ಲಿ ನವದೆಹಲಿಯಲ್ಲಿ ಪ್ರಥಮ ಏಷ್ಯನ್ ಕ್ರೀಡಾಕೂಟ ನಡೆಯಿತು. ಶೈಲೇನ್ ಮನ್ನಾ ನಾಯಕತ್ವದ ಭಾರತ ಫೈನಲ್‌ನಲ್ಲಿ ಇರಾನನ್ನು 1-0ರಿಂದ ಮಣಿಸಿತು. ಮೇವಾಲಾಲ್ ಹೊಡೆದ ಏಕೈಕ ಗೋಲು ಭಾರತಕ್ಕೆ ಚಿನ್ನ ತಂದಿತು. ರಹೀಂ ಅವರ ಹೆಸರು ದೇಶಕ್ಕೆ ಪರಿಚಯವಾದದ್ದು ಆಗಲೇ.

ಹೆಲ್ಸಿಂಕಿಯ ಪೆಟ್ಟು, ಮೆಲ್ಬರ್ನ್‌ನ ಉತ್ತರ

ಮರುವರ್ಷವೇ ದೊಡ್ಡ ಪೆಟ್ಟು ಬಿತ್ತು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ಎದುರು ಭಾರತ 1-10 ಅಂತರದಲ್ಲಿ ಸೋತಿತು. ಫಿನ್ಲೆಂಡಿನ ಚಳಿಯಲ್ಲಿ ಬರಿಗಾಲಿನಲ್ಲಿ ಆಡುವವರ ಪಾಡು ಅಲ್ಲಿ ಬಯಲಾಯಿತು. ಭಾರತದ ಪರ ಕೊನೆಗಳಿಗೆಯಲ್ಲಿ ಬಂದ ಒಂದೇ ಗೋಲು ಬೆಂಗಳೂರಿನ ಅಹ್ಮದ್ ಖಾನ್ ಅವರದ್ದು. ಈ ಸೋಲಿನ ಬಳಿಕ ಬೂಟು ಧರಿಸಿ ಆಡುವುದು ಭಾರತೀಯ ಫುಟ್‌ಬಾಲಿನಲ್ಲಿ ಕಡ್ಡಾಯವಾಯಿತು.

ಸೋಲಿನಿಂದ ರಹೀಂ ಧೃತಿಗೆಡಲಿಲ್ಲ. ಯುರೋಪಿನ ತಂಡಗಳ ಆಟವನ್ನು ಅಭ್ಯಸಿಸಿ, ಹಳೆಯ ವಿನ್ಯಾಸಗಳನ್ನು ಬದಿಗಿಟ್ಟರು. ಮುಂದೆ 1958ರ ವಿಶ್ವಕಪ್‌ನಲ್ಲಿ ಬ್ರೆಜಿಲ್ ಜನಪ್ರಿಯಗೊಳಿಸಿದ 4-2-4 ವಿನ್ಯಾಸವನ್ನು ಭಾರತೀಯರಿಗೂ ಅಭ್ಯಾಸ ಮಾಡಿಸಿದರು. ಸ್ಥಾನ ಬದಲಿಸಿ ಆಡುವುದು, ಒಂದೇ ಸ್ಪರ್ಶದಲ್ಲಿ ಚೆಂಡು ದಾಟಿಸುವುದು, ದೇಹದಾರ್ಢ್ಯ ಇವು ಅವರ ಶಿಬಿರಗಳ ನಿತ್ಯಪಾಠವಾದವು.

ಫಲ ಸಿಕ್ಕಿದ್ದು 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ. ಆತಿಥೇಯ ಆಸ್ಟ್ರೇಲಿಯಾವನ್ನು ಭಾರತ 4-2ರಿಂದ ಸೋಲಿಸಿತು. ನೆವಿಲ್ ಡಿಸೋಜಾ ಮೂರು ಗೋಲು ಹೊಡೆದು, ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಹ್ಯಾಟ್ರಿಕ್ ಸಾಧಿಸಿದ ಮೊದಲ ಏಷ್ಯನ್ ಎನಿಸಿದರು. ಸೆಮಿಫೈನಲ್ ತಲುಪಿದ ಏಷ್ಯಾದ ಮೊದಲ ತಂಡವೆಂಬ ಹೆಮ್ಮೆ ಭಾರತದ್ದಾಯಿತು. ಅಲ್ಲಿ ಯುಗೊಸ್ಲಾವಿಯಾ ವಿರುದ್ಧ ಮೊದಲ ಗೋಲು ಹೊಡೆದೂ 1-4ರಿಂದ ಸೋತಿತು. ಕಂಚಿನ ಪದಕದ ಪಂದ್ಯದಲ್ಲಿ ಬಲ್ಗೇರಿಯಾಕ್ಕೆ 0-3ರಿಂದ ಶರಣಾಗಿ ನಾಲ್ಕನೇ ಸ್ಥಾನ ಪಡೆಯಿತು. ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಭಾರತದ ಶ್ರೇಷ್ಠ ಸಾಧನೆ ಇಂದಿಗೂ ಅದೇ.

ಅದೇ ಮೆಲ್ಬರ್ನ್‌ನ ಇನ್ನೊಂದು ಸೆಮಿಫೈನಲ್, ಬದಲಿ ಆಟಗಾರನಿಲ್ಲದ ನಿಯಮದ ಕ್ರೌರ್ಯವನ್ನು ಜಗತ್ತಿಗೆ ತೋರಿಸಿತು. ಸೋವಿಯತ್ ಒಕ್ಕೂಟ ಹಾಗೂ ಬಲ್ಗೇರಿಯಾ ನಡುವಿನ ಆ ಪಂದ್ಯದಲ್ಲಿ ಸೋವಿಯತ್ ರಕ್ಷಣಾ ಆಟಗಾರ ನಿಕೊಲಾಯ್ ಟಿಶ್ಚೆಂಕೊ ಅವರ ಕೊರಳೆಲುಬು ಮುರಿಯಿತು. ಅವರ ಜಾಗಕ್ಕೆ ಯಾರೂ ಬರುವಂತಿರಲಿಲ್ಲ. ಪಂದ್ಯ ಗೋಲಿಲ್ಲದೆ ಹೆಚ್ಚುವರಿ ಅವಧಿಗೆ ಸಾಗಿತು. ಬಲ್ಗೇರಿಯಾ ಮೊದಲು ಗೋಲು ಹೊಡೆಯಿತು. ಮುರಿದ ಎಲುಬಿನೊಂದಿಗೇ ಟಿಶ್ಚೆಂಕೊ ಆಟ ಮುಂದುವರಿಸಿದರು. ಸೋವಿಯತ್ ತಂಡ ಕೊನೆಯ ನಿಮಿಷಗಳಲ್ಲಿ ಎರಡು ಗೋಲು ಹೊಡೆದು 2-1ರಿಂದ ಗೆದ್ದು, ಮುಂದೆ ಚಿನ್ನವನ್ನೂ ಪಡೆಯಿತು.

ಅದೇ ವರ್ಷ ಇಂಗ್ಲೆಂಡಿನ ಎಫ್‌ಎ ಕಪ್ ಫೈನಲ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿಯ ಗೋಲ್‌ಕೀಪರ್ ಬರ್ಟ್ ಟ್ರಾಟ್‌ಮನ್ ಎದುರಾಳಿಗೆ ಡಿಕ್ಕಿಯಾಗಿ ಕತ್ತಿಗೆ ಪೆಟ್ಟು ತಿಂದರು. ಕೊನೆಯ ಹದಿನೇಳು ನಿಮಿಷ ನೋವಿನಲ್ಲೇ ಗೋಲು ಕಾಯ್ದರು. ಅವರ ಕತ್ತಿನ ಮೂಳೆ ಮುರಿದಿದೆ ಎಂಬುದು ಕೆಲವು ದಿನಗಳ ಬಳಿಕ ಪತ್ತೆಯಾಯಿತು. ಇಂತಹ ಘಟನೆಗಳನ್ನು ಆ ಕಾಲ ಶೌರ್ಯವೆಂದು ಕೊಂಡಾಡಿತು. ಪ್ರಾಣಾಪಾಯವೆಂದು ಕಂಡವರು ಕಡಿಮೆ.

ರೋಮ್‌ನಲ್ಲಿ ಅಪ್ಪ, ಮಗ

1960ರ ರೋಮ್ ಒಲಿಂಪಿಕ್ಸ್‌ಗೂ ರಹೀಂ ಅವರೇ ತರಬೇತುದಾರರು. ಪಿ.ಕೆ. ಬ್ಯಾನರ್ಜಿ ನಾಯಕ. ಹಂಗೇರಿ ವಿರುದ್ಧ 1-2ರಿಂದ ಸೋತ ಭಾರತ, ಫ್ರಾನ್ಸ್ ತಂಡವನ್ನು 1-1ರಲ್ಲಿ ಹಿಡಿದು ನಿಲ್ಲಿಸಿತು. ಪೆರು ವಿರುದ್ಧ 1-3ರ ಸೋಲಿನೊಂದಿಗೆ ಅಭಿಯಾನ ಮುಗಿಯಿತು. ಆ ನಂತರ ಭಾರತ ಫುಟ್‌ಬಾಲ್ ತಂಡ ಒಲಿಂಪಿಕ್ಸ್‌ನ ಪ್ರಧಾನ ಸುತ್ತನ್ನು ಪ್ರವೇಶಿಸಿಲ್ಲ.

ಆ ತಂಡದಲ್ಲಿ ರಹೀಂ ಅವರ ಮಗ ಸೈಯದ್ ಶಾಹಿದ್ ಹಕೀಮ್ ಕೂಡ ಇದ್ದರು. ಆದರೆ ಮೂರು ಪಂದ್ಯಗಳಲ್ಲಿ ಒಂದರಲ್ಲೂ ಅವರು ಅಂಗಳಕ್ಕಿಳಿಯಲಿಲ್ಲ. ಈಗಿನ ನಿಯಮವಿದ್ದಿದ್ದರೆ ಕೊನೆಯ ಕೆಲವು ನಿಮಿಷವಾದರೂ ಮೀಸಲು ಆಟಗಾರನಿಗೆ ಅವಕಾಶ ಸಿಗುತ್ತಿತ್ತೇನೊ. ಅಂದು ಮೊದಲ ಹನ್ನೊಂದರಲ್ಲಿ ಹೆಸರಿಲ್ಲದವನಿಗೆ ಪಂದ್ಯವೇ ಇಲ್ಲ. ಆ ಹನ್ನೊಂದನ್ನು ಆರಿಸುವ ಕುರ್ಚಿಯಲ್ಲಿ ಕುಳಿತವರಲ್ಲಿ ತಂದೆಯೇ ಪ್ರಮುಖರು. ಮಗನೆಂಬ ಕಾರಣಕ್ಕೆ ಅವರು ಪಟ್ಟಿಯನ್ನು ತಿದ್ದಲಿಲ್ಲ.

ಜಕಾರ್ತದ ಗಾಯಾಳುಗಳು

1962ರ ಹೊತ್ತಿಗೆ ರಹೀಂ ಅವರ ಆರೋಗ್ಯ ಕೆಟ್ಟಿತ್ತು. ವಿಪರೀತ ಸಿಗರೇಟು ಸೇದುತ್ತಿದ್ದ ಅವರನ್ನು ಕ್ಯಾನ್ಸರ್ ಒಳಗಿನಿಂದಲೇ ತಿನ್ನುತ್ತಿತ್ತು. ಕೆಮ್ಮುತ್ತಲೇ ಅವರು ಜಕಾರ್ತ ಏಷ್ಯನ್ ಕ್ರೀಡಾಕೂಟಕ್ಕೆ ತಂಡವನ್ನು ಸಜ್ಜುಗೊಳಿಸಿದರು. ಚುನಿ ಗೋಸ್ವಾಮಿ ನಾಯಕ. ಪಿ.ಕೆ. ಬ್ಯಾನರ್ಜಿ, ತುಳಸಿದಾಸ್ ಬಲರಾಂ ಮುನ್ಪಡೆಯ ಆಧಾರಸ್ತಂಭಗಳು. ಬೆಂಗಳೂರು ಮೂಲದ ಅರುಮೈನಾಯಗಂ ಕೂಡ ತಂಡದಲ್ಲಿದ್ದರು.

ಆರಂಭವೇ ಎಡವಿತು. ಮೊದಲ ಪಂದ್ಯದಲ್ಲಿ ದಕ್ಷಿಣ ಕೊರಿಯಾ 2-0ರಿಂದ ಭಾರತವನ್ನು ಸೋಲಿಸಿತು. ನಂತರ ಥಾಯ್ಲೆಂಡನ್ನು ಭಾರತ 4-1ರಿಂದ ಮಣಿಸಿತಾದರೂ ಆ ಗೆಲುವಿಗೆ ದುಬಾರಿ ಬೆಲೆ ತೆರಬೇಕಾಯಿತು. ರಕ್ಷಣೆಯ ಹೆಬ್ಬಂಡೆಯಂತಿದ್ದ ಜರ್ನೈಲ್ ಸಿಂಗ್ ಅವರ ತಲೆ ಒಡೆದು ಆರು ಹೊಲಿಗೆ ಬಿದ್ದವು. ಜಪಾನ್ ವಿರುದ್ಧ ಅವರಿಲ್ಲದೆಯೇ ಭಾರತ 2-0ರಿಂದ ಗೆದ್ದು ಸೆಮಿಫೈನಲ್ ತಲುಪಿತು.

ಮೂರು ತಿಂಗಳ ಹಿಂದಷ್ಟೇ, ಚಿಲಿಯ ವಿಶ್ವಕಪ್‌ನಲ್ಲಿ ಇಂತಹದೇ ಪರಿಸ್ಥಿತಿ ಬ್ರೆಜಿಲ್‌ಗೆ ಎದುರಾಗಿತ್ತು. ಚೆಕೊಸ್ಲೊವಾಕಿಯಾ ವಿರುದ್ಧದ ಪಂದ್ಯದಲ್ಲಿ ಪೆಲೆ ಸ್ನಾಯು ಸೆಳೆತಕ್ಕೆ ಸಿಕ್ಕಿದರು. ಬದಲಿಗೆ ಅವಕಾಶವಿಲ್ಲದ ಕಾರಣ ಅವರು ಕುಂಟುತ್ತಲೇ ಅಂಗಳದಲ್ಲಿ ಉಳಿದರು. ಪಂದ್ಯ ಗೋಲಿಲ್ಲದೆ ಮುಗಿಯಿತು. ಪೆಲೆ ಆ ವಿಶ್ವಕಪ್‌ನಲ್ಲಿ ಮತ್ತೆ ಆಡಲಿಲ್ಲ. ಗಾಯಾಳುವನ್ನು ಕಣಕ್ಕಿಳಿಸುವುದೆಂದರೆ ಹತ್ತೂವರೆ ಮಂದಿಯೊಂದಿಗೆ ಆಡಿದಂತೆ ಎಂಬುದು ಎಲ್ಲ ತರಬೇತುದಾರರಿಗೂ ಗೊತ್ತಿದ್ದ ಸತ್ಯ.

ರಹೀಂ ಮುಂದಿದ್ದ ಪ್ರಶ್ನೆ ಕಠಿಣವಾಗಿತ್ತು. ಹೊಲಿಗೆ ಹಾಕಿದ ತಲೆಯ ಜರ್ನೈಲ್ ಅವರನ್ನು ರಕ್ಷಣೆಯಲ್ಲಿ ನಿಲ್ಲಿಸಿದರೆ ಎತ್ತರದ ಪ್ರತಿ ಚೆಂಡಿಗೂ ತಲೆಯೊಡ್ಡಬೇಕು. ಒಂದು ಹೊಲಿಗೆ ಬಿಚ್ಚಿದರೂ ಗೋಲಿನ ಮುಂದೆ ಬಾಗಿಲು ತೆರೆದಂತೆ. ಹಾಗೆಂದು ಹೊರಗಿಟ್ಟರೆ ತಂಡದ ಎದೆಗಾರಿಕೆಯೇ ಕುಗ್ಗುವ ಭಯ. ಕಾಲೇಜು ದಿನಗಳಲ್ಲಿ ಜರ್ನೈಲ್ ಮುನ್ಪಡೆಯಲ್ಲಿ ಆಡಿದ್ದರೆಂಬುದು ರಹೀಂ ಅವರಿಗೆ ತಿಳಿದಿತ್ತು. ಅವರು ರಕ್ಷಣೆಯ ಹೊಣೆಯನ್ನು ಅರುಣ್ ಘೋಷ್ ಅವರಿಗೆ ಒಪ್ಪಿಸಿ, ಜರ್ನೈಲ್ ಅವರನ್ನು ಸೆಂಟರ್ ಫಾರ್ವರ್ಡ್ ಸ್ಥಾನಕ್ಕೆ ಕಳುಹಿಸಿದರು.

ಈ ನಿರ್ಧಾರದ ಜಾಣ್ಮೆ ಗಮನಾರ್ಹ. ಅಕಸ್ಮಾತ್ ಜರ್ನೈಲ್ ಕುಸಿದರೂ ಭಾರತ ಒಬ್ಬ ಮುನ್ಪಡೆ ಆಟಗಾರನನ್ನು ಕಳೆದುಕೊಳ್ಳುತ್ತಿತ್ತೇ ಹೊರತು ರಕ್ಷಣಾ ಗೋಡೆ ಕುಸಿಯುತ್ತಿರಲಿಲ್ಲ. ನಿಯಮ ಕೊಡದ ಬದಲಿ ಆಟಗಾರನನ್ನು ರಹೀಂ ತಂಡದೊಳಗಿನ ಸ್ಥಾನಪಲ್ಲಟದಿಂದಲೇ ಪಡೆದಿದ್ದರು. ಸೆಮಿಫೈನಲ್‌ನಲ್ಲಿ ದಕ್ಷಿಣ ವಿಯೆಟ್ನಾಂ ವಿರುದ್ಧ ಭಾರತ 3-2ರಿಂದ ಗೆದ್ದಾಗ ಒಂದು ಗೋಲು ಜರ್ನೈಲ್ ಅವರದ್ದೇ ಆಗಿತ್ತು.

ಕೊನೆಯ ಐದು ನಿಮಿಷ

1962ರ ಸೆಪ್ಟೆಂಬರ್ 4ರಂದು ಸೆನಾಯಾನ್ ಕ್ರೀಡಾಂಗಣದಲ್ಲಿ ಫೈನಲ್. ಎದುರಾಳಿ ಅದೇ ದಕ್ಷಿಣ ಕೊರಿಯಾ. ಕ್ರೀಡಾಂಗಣದ ವಾತಾವರಣ ಭಾರತದ ವಿರುದ್ಧ ಕುದಿಯುತ್ತಿತ್ತು. ಇಸ್ರೇಲ್ ಹಾಗೂ ತೈವಾನ್ ತಂಡಗಳನ್ನು ಕ್ರೀಡಾಕೂಟದಿಂದ ದೂರವಿಟ್ಟದ್ದನ್ನು ಭಾರತದ ಕ್ರೀಡಾ ಆಡಳಿತಗಾರ ಜಿ.ಡಿ. ಸೋಂಧಿ ಪ್ರಶ್ನಿಸಿದ್ದು ಆತಿಥೇಯರನ್ನು ಕೆರಳಿಸಿತ್ತು. ಭಾರತದ ರಾಯಭಾರ ಕಚೇರಿಯ ಮೇಲೂ ಜನ ಮುಗಿಬಿದ್ದಿದ್ದರು. ಸುಮಾರು ಒಂದು ಲಕ್ಷ ಪ್ರೇಕ್ಷಕರ ಕೂಗಾಟದ ನಡುವೆ ಭಾರತದ ಆಟಗಾರರು ಅಂಗಳಕ್ಕಿಳಿದರು. ತಮ್ಮ ಪರ ಚಪ್ಪಾಳೆ ತಟ್ಟಿದ್ದು ಪಾಕಿಸ್ತಾನದ ಹಾಕಿ ಆಟಗಾರರು ಎಂದು ಭಾರತದ ಆಟಗಾರರು ಮುಂದೆ ನೆನೆದಿದ್ದಾರೆ.

ತಂಡದ ಸ್ಥಿತಿಯೂ ನೆಮ್ಮದಿ ತರುವಂತಿರಲಿಲ್ಲ. ಜರ್ನೈಲ್ ತಲೆಗೆ ಹೊಲಿಗೆ. ತ್ರಿಲೋಕ್ ಸಿಂಗ್ ಕಾಲ್ಬೆರಳಿಗೆ ಪೆಟ್ಟು. ಗೋಲ್‌ಕೀಪರ್ ಪೀಟರ್ ತಂಗರಾಜ್ ಜ್ವರದಿಂದ ಎದ್ದು ಬಂದವರು. ಪಂದ್ಯದ ಮುನ್ನಾದಿನ ರಹೀಂ ಆಟಗಾರರನ್ನು ಕರೆದು ತಮಗೊಂದು ಉಡುಗೊರೆ ಬೇಕೆಂದು ಕೇಳಿದರು. ಅವರು ಬೇಡಿದ್ದು ಚಿನ್ನದ ಪದಕವನ್ನು. ಗುರುವಿನ ಕಾಯಿಲೆಯ ನಡುವೆ ಬಂದ ಆ ಕೋರಿಕೆಯ ಭಾರ ಶಿಷ್ಯರಿಗೆ ಗೊತ್ತಿತ್ತು.

ಹದಿನೇಳನೇ ನಿಮಿಷದಲ್ಲಿ ಪಿ.ಕೆ. ಬ್ಯಾನರ್ಜಿ ಗೋಲು ಹೊಡೆದರು. ಮೂರು ನಿಮಿಷಗಳ ಬಳಿಕ ಎರಡನೇ ಗೋಲು ಬಂತು. ಹೊಡೆದವರು ತಲೆಗೆ ಹೊಲಿಗೆ ಹಾಕಿಸಿಕೊಂಡಿದ್ದ ಜರ್ನೈಲ್ ಸಿಂಗ್. ಭಾರತ 2-0ಯಿಂದ ಮುಂದಿತ್ತು. ಅಲ್ಲಿಂದ ಒಂದು ಗಂಟೆಗೂ ಹೆಚ್ಚು ಕಾಲ ಕೊರಿಯನ್ನರ ದಾಳಿಯನ್ನು ತಂಡ ತಡೆದು ನಿಂತಿತು.

85ನೇ ನಿಮಿಷದಲ್ಲಿ ಕೊರಿಯಾ ಒಂದು ಗೋಲು ಮರಳಿಸಿತು. ಅಂತರ 2-1ಕ್ಕಿಳಿಯಿತು. ಪಂದ್ಯದ ನಿಜವಾದ ಪರೀಕ್ಷೆ ಆರಂಭವಾದದ್ದು ಆಗ. ಇನ್ನೊಂದು ಗೋಲು ಬಿದ್ದರೆ ಪಂದ್ಯ ಸಮಬಲ. ಸಮಬಲವಾದರೆ ಹೆಚ್ಚುವರಿ ಅವಧಿ. ಟೈಬ್ರೇಕರ್ ಪೆನಾಲ್ಟಿಗಳ ಪದ್ಧತಿ ಫುಟ್‌ಬಾಲಿಗೆ ಬಂದದ್ದು 1970ರಲ್ಲಿ. ನಾಲ್ಕು ವರ್ಷ ಹಿಂದೆ ಟೋಕಿಯೊದಲ್ಲಿ ಭಾರತ ಹಾಂಗ್‌ಕಾಂಗ್ ತಂಡವನ್ನು 5-2ರಿಂದ ಸೋಲಿಸಿದ್ದು ಹೆಚ್ಚುವರಿ ಅವಧಿಯಲ್ಲಿಯೇ. ಆ ಕೂಟದ ಫೈನಲ್ ಕೂಡ ಹೆಚ್ಚುವರಿ ಅವಧಿಗೆ ಹೋಗಿತ್ತು. ಆದರೆ ಜಕಾರ್ತದ ಈ ಹನ್ನೊಂದು ಮಂದಿಗೆ ಇನ್ನೂ ಮೂವತ್ತು ನಿಮಿಷ ಓಡುವ ಕಸುವಿತ್ತೇ? ಒಡೆದ ತಲೆ, ನೊಂದ ಕಾಲು, ಜ್ವರದಿಂದ ಸೊರಗಿದ ಮೈ. ಯಾರನ್ನೂ ಹೊರಗೆಳೆಯುವಂತಿಲ್ಲ, ಯಾರನ್ನೂ ಒಳಕಳುಹಿಸುವಂತಿಲ್ಲ. ಬದಿಯಲ್ಲಿದ್ದ ರಹೀಂ ಅವರಿಗೆ ಮಾಡಲು ಉಳಿದದ್ದು ಕಾಯುವುದೊಂದೇ.

ಆ ಐದು ನಿಮಿಷ ಭಾರತ ಗೋಲು ಬಿಟ್ಟುಕೊಡಲಿಲ್ಲ. ರೆಫರಿಯ ಕೊನೆಯ ಸೀಟಿ ಮೊಳಗಿದಾಗ ಏಷ್ಯಾದ ಚಿನ್ನ ಎರಡನೇ ಬಾರಿಗೆ ಭಾರತದ್ದಾಗಿತ್ತು. ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲಿನಲ್ಲಿ ಭಾರತ ಮತ್ತೆ ಚಿನ್ನ ಗೆದ್ದಿಲ್ಲ.

ಗುರುವಿನ ನಿರ್ಗಮನ

ಜಕಾರ್ತದಿಂದ ಮರಳಿದ ರಹೀಂ ಬಹಳ ದಿನ ಬದುಕಲಿಲ್ಲ. 1963ರ ಜೂನ್ 11ರಂದು ಅವರು ಹೈದರಾಬಾದಿನಲ್ಲಿ ನಿಧನರಾದರು. ಆಗ ಅವರಿಗೆ 53 ವರ್ಷ. ಅತ್ಯುತ್ತಮ ತರಬೇತುದಾರರಿಗೆ ಕೊಡುವ ದ್ರೋಣಾಚಾರ್ಯ ಪ್ರಶಸ್ತಿ ಸ್ಥಾಪನೆಯಾದದ್ದು 1985ರಲ್ಲಿ, ಅವರು ತೀರಿಕೊಂಡು 22 ವರ್ಷಗಳ ಬಳಿಕ.

ಜರ್ನೈಲ್ ಅವರ ತಲೆಯ ಹೊಲಿಗೆಯಂತೆಯೇ ರಹೀಂ ಅವರ ಕಾಯಿಲೆಯೂ ಜಕಾರ್ತದ ಗೆಲುವಿನ ಭಾಗವಾಗಿತ್ತು. ಅವರೂ ನೋವು ನುಂಗಿಯೇ ಪಂದ್ಯ ಮುಗಿಸಿದ್ದರು. ಈ ಕಥೆಯನ್ನು ಶೌರ್ಯಗಾಥೆಯಾಗಿ ಹೇಳುವುದು ಸುಲಭ. ಆದರೆ ಆ ಶೌರ್ಯದ ಒಂದು ಪಾಲು ಆಯ್ಕೆಯಲ್ಲ, ಅನಿವಾರ್ಯತೆ. ಬದಲಿಗೆ ದಾರಿಯಿದ್ದಿದ್ದರೆ ಆರು ಹೊಲಿಗೆಯ ತಲೆಯಲ್ಲಿ ಒಬ್ಬ ಆಟಗಾರ ಇಡೀ ಪಂದ್ಯ ಆಡಬೇಕಾಗಿರಲಿಲ್ಲ. ನಿಯಮ ಮೈಗಿಂತ ಲೆಕ್ಕವನ್ನು ಮುಖ್ಯವೆಂದು ಬಗೆದಿದ್ದ ಕಾಲ ಅದು.

ನಿಯಮ ಬದಲಾದ ಬಗೆ

ರಹೀಂ ತೀರಿಕೊಂಡ ಎರಡು ವರ್ಷಗಳಲ್ಲಿ ಗಾಳಿ ತಿರುಗಿತು. 1965ರ ಆಗಸ್ಟ್‌ನಲ್ಲಿ ಇಂಗ್ಲಿಷ್ ಲೀಗ್ ಒಬ್ಬ ಬದಲಿ ಆಟಗಾರನಿಗೆ ಅನುಮತಿ ನೀಡಿತು, ಅದೂ ಗಾಯವಾದರೆ ಮಾತ್ರ. ಗಾಯವೋ ನಟನೆಯೋ ಎಂದು ನಿರ್ಧರಿಸುವುದು ಕಷ್ಟವಾದ್ದರಿಂದ ಮರುವರ್ಷವೇ ಯಾವ ಕಾರಣಕ್ಕಾದರೂ ಬದಲಾಯಿಸಬಹುದೆಂದು ತಿದ್ದುಪಡಿಯಾಯಿತು. ವಿಶ್ವಕಪ್‌ನಲ್ಲಿ ಬದಲಿ ಆಟಗಾರರು ಕಾಣಿಸಿಕೊಂಡದ್ದು 1970ರ ಮೆಕ್ಸಿಕೊದಲ್ಲಿ. ತಂಡಕ್ಕೆ ಇಬ್ಬರು. ಉದ್ಘಾಟನಾ ಪಂದ್ಯದಲ್ಲಿ ಒಳಬಂದ ಸೋವಿಯತ್ ಆಟಗಾರ ಅನಾತೊಲಿ ಪುಜಾಚ್ ವಿಶ್ವಕಪ್‌ನ ಮೊದಲ ಬದಲಿ ಆಟಗಾರ.

ಇಬ್ಬರು ಸಾಲದೆಂಬುದೂ ಅದೇ ಕೂಟದಲ್ಲಿ ಸಾಬೀತಾಯಿತು. ಇಟಲಿ ವಿರುದ್ಧದ ಸೆಮಿಫೈನಲ್‌ನಲ್ಲಿ ಪಶ್ಚಿಮ ಜರ್ಮನಿ ತನ್ನ ಎರಡೂ ಅವಕಾಶಗಳನ್ನು ಬಳಸಿಬಿಟ್ಟಿತ್ತು. ಭುಜಕ್ಕೆ ಪೆಟ್ಟಾದ ಫ್ರಾಂಜ್ ಬೆಕೆನ್‌ಬಾವರ್ ತೋಳನ್ನು ಎದೆಗೆ ಕಟ್ಟಿಕೊಂಡು ಹೆಚ್ಚುವರಿ ಅವಧಿಯಲ್ಲೂ ಆಡಬೇಕಾಯಿತು. ಇಟಲಿ 4-3ರಿಂದ ಗೆದ್ದಿತು. ಮೆಲ್ಬರ್ನ್‌ನ ಟಿಶ್ಚೆಂಕೊ ಅವರ ಸಂಕಟವೇ ಹದಿನಾಲ್ಕು ವರ್ಷಗಳ ಬಳಿಕ ಮರುಕಳಿಸಿದಂತಾಗಿತ್ತು.

1990ರ ದಶಕದ ಮಧ್ಯಭಾಗದಲ್ಲಿ ಬದಲಿಗಳ ಸಂಖ್ಯೆ ಮೂರಕ್ಕೇರಿತು. ಹೆಚ್ಚುವರಿ ಅವಧಿಗೆಂದೇ ನಾಲ್ಕನೇ ಬದಲಿಯ ಪ್ರಯೋಗ 2016ರಲ್ಲಿ ಶುರುವಾಗಿ 2018ರ ವಿಶ್ವಕಪ್‌ಗೆ ಬಂತು. ಸ್ಪೇನ್ ವಿರುದ್ಧ ರಷ್ಯಾದ ಅಲೆಕ್ಸಾಂಡರ್ ಯೆರೊಖಿನ್ ಹೀಗೆ ಒಳಬಂದ ಮೊದಲಿಗರು. ಕೊರೊನಾ ಕಾಲದ 2020ರಲ್ಲಿ ಐದು ಬದಲಿಗಳಿಗೆ ತಾತ್ಕಾಲಿಕ ಅನುಮತಿ ದೊರೆತು, 2022ರಲ್ಲಿ ಅದು ಕಾಯಂ ಆಯಿತು. ಪಂದ್ಯಾವಳಿಯ ನಿಯಮದಲ್ಲಿ ಅವಕಾಶವಿದ್ದರೆ ಹೆಚ್ಚುವರಿ ಅವಧಿಯಲ್ಲಿ ಇನ್ನೊಬ್ಬರನ್ನು ಇಳಿಸಬಹುದು.

ಜರ್ನೈಲ್ ಅವರ ಗಾಯಕ್ಕೆ ಹತ್ತಿರದ ತಿದ್ದುಪಡಿ ಎಂದರೆ ತಲೆಪೆಟ್ಟಿನ ಬದಲಿ. ತಲೆಗೆ ಪೆಟ್ಟಾಗಿ ಮೆದುಳಿಗೆ ಆಘಾತವಾದ ಶಂಕೆಯಿದ್ದರೆ, ಉಳಿದ ಬದಲಿಗಳ ಲೆಕ್ಕಕ್ಕೆ ಸೇರಿಸದೆ ಆ ಆಟಗಾರನನ್ನು ಹೊರಗೆ ಕಳುಹಿಸುವ ಪ್ರಯೋಗ 2021ರಲ್ಲಿ ಆರಂಭವಾಯಿತು. 2022ರ ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಇರಾನಿನ ಗೋಲ್‌ಕೀಪರ್ ಅಲಿರೆಜಾ ಬೈರಾನ್‌ವಂದ್ ಈ ನಿಯಮದಡಿ ಹೊರನಡೆದರು. ಹಾಗೆ ಹೊರಹೋದವರು ಆ ಪಂದ್ಯಕ್ಕೆ ಮರಳುವಂತಿಲ್ಲ. ಆದರೂ ಒಂದು ಹಳೆಯ ಮಾತು ಉಳಿದುಕೊಂಡಿದೆ. ಎಲ್ಲ ಬದಲಿಗಳೂ ಮುಗಿದ ಮೇಲೆ ಹೆಚ್ಚುವರಿ ಅವಧಿಯಲ್ಲಿ ಒಬ್ಬನ ಕಾಲು ಮುರಿದರೆ ತಂಡ ಇಂದಿಗೂ ಒಬ್ಬ ಕಡಿಮೆಯಾಗಿಯೇ ಆಡಬೇಕು. ಏಳಕ್ಕಿಂತ ಕಡಿಮೆ ಮಂದಿ ಉಳಿದರೆ ಪಂದ್ಯ ಮುಂದುವರಿಯದು.

ಕಲಬುರಗಿಯಲ್ಲಿ ಕೊನೆಗೊಂಡ ಕೊಂಡಿ

ರೋಮ್‌ನಲ್ಲಿ ಆಡುವ ಅವಕಾಶ ಸಿಗದ ಮಗ ಹಕೀಮ್ ಫುಟ್‌ಬಾಲಿನಿಂದ ದೂರವಾಗಲಿಲ್ಲ. ವಾಯುಪಡೆಯಲ್ಲಿ ಅಧಿಕಾರಿಯಾದರು, ಫಿಫಾ ಮಾನ್ಯತೆಯ ಅಂತಾರಾಷ್ಟ್ರೀಯ ರೆಫರಿಯಾದರು. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಪಿ.ಕೆ. ಬ್ಯಾನರ್ಜಿ ಅವರಿಗೆ ಸಹಾಯಕ ತರಬೇತುದಾರರಾಗಿದ್ದರು. 2017ರಲ್ಲಿ ಧ್ಯಾನ್‌ಚಂದ್ ಪ್ರಶಸ್ತಿ ಅವರನ್ನು ಅರಸಿ ಬಂತು. ತಂದೆಗೆ ನಿಯಮ ನಿರಾಕರಿಸಿದ್ದ ಬದಲಿ ಆಟಗಾರನನ್ನು ಅಂಗಳದೊಳಕ್ಕೆ ಬಿಟ್ಟುಕೊಳ್ಳುವ ಸೀಟಿ ಮಗನ ಕೈಗೆ ಬಂದಿತ್ತು.

2021ರ ಆಗಸ್ಟ್ 22ರಂದು ಹಕೀಮ್ ಕಲಬುರಗಿಯಲ್ಲಿ, ತಮ್ಮ 82ನೇ ವಯಸ್ಸಿನಲ್ಲಿ ಕೊನೆಯುಸಿರೆಳೆದರು. ಒಂದು ಕಾಲಕ್ಕೆ ಹೈದರಾಬಾದ್ ಸಂಸ್ಥಾನದ ಭಾಗವಾಗಿದ್ದ ಕನ್ನಡದ ನೆಲದಲ್ಲೇ ಆ ಕುಟುಂಬದ ಫುಟ್‌ಬಾಲ್ ಅಧ್ಯಾಯ ಮುಗಿಯಿತು.

ಮೈದಾನದ ಬದಿಯಲ್ಲಿ ನಿಂತ ಶಾಲಾ ಮೇಷ್ಟ್ರು ಗಾಯಗೊಂಡ ಹುಡುಗನನ್ನು ಹೊರಗೆ ಕರೆದು ಇನ್ನೊಬ್ಬನನ್ನು ಒಳಕಳುಹಿಸುವಾಗ ಅಲ್ಲೊಂದು ದೀರ್ಘ ಇತಿಹಾಸವಿದೆ. ಆ ಕೈಸನ್ನೆ ಮಾಡುವ ಅವಕಾಶವೇ ಇಲ್ಲದೆ ಏಷ್ಯಾ ಗೆದ್ದ ಇನ್ನೊಬ್ಬ ಶಾಲಾ ಮೇಷ್ಟ್ರ ನೆನಪೂ ಅದರಲ್ಲಿದೆ.